ಬಿಸಿಲಿಗೂ ಮೈನಸ್ ನಂಬರಿಗೂ ಏನು ನಂಟು?

ಮಗುವಿನ ಕನ್ನಡಕದ ಮೈನಸ್ ನಂಬರ್ ವರ್ಷವರ್ಷವೂ ಏರಿದರೆ ಮನೆಯವರು ಬೈಯುವುದು ಮೊಬೈಲನ್ನು. ನೂರೈವತ್ತು ವರ್ಷಗಳ ಹಿಂದೆ ಬೈಸಿಕೊಳ್ಳುತ್ತಿದ್ದದ್ದು ಪುಸ್ತಕ. 1867ರಲ್ಲಿ ಬ್ರೆಸ್ಲಾವ್ ನಗರದ (ಈಗ ಪೋಲೆಂಡಿನಲ್ಲಿದೆ) ಕಣ್ಣಿನ ವೈದ್ಯ ಹರ್ಮನ್ ಕೋನ್ 10,060 ಶಾಲಾ ಮಕ್ಕಳ ಕಣ್ಣು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಮೇಲಿನ ತರಗತಿಗಳಿಗೆ ಹೋದಂತೆ ಸಮೀಪದೃಷ್ಟಿಯವರು (ದೂರದ್ದು ಮಸುಕಾಗಿ ಕಂಡು ಮೈನಸ್ ನಂಬರಿನ ಕನ್ನಡಕ ಬೇಕಾದವರು) ಹೆಚ್ಚುತ್ತಿದ್ದರು. ತರಗತಿಗೆ ಧಾರಾಳ ಬೆಳಕು ಬೇಕೆಂದು ಅವರು ಆಗಲೇ ಪಟ್ಟುಹಿಡಿದಿದ್ದರು. ಆಮೇಲೆ ‘ಇದು ಅಪ್ಪ ಅಮ್ಮನಿಂದ ಬಂದದ್ದು’ ಎಂಬ ಮಾತೇ ಬಲವಾಗಿ, ಬೆಳಕಿನ ವಿಚಾರ ಮೂಲೆ ಸೇರಿತು.

ಅದು ಮತ್ತೆ ಸುದ್ದಿಯಾದದ್ದು 1999ರಲ್ಲಿ, ಅದೂ ತಪ್ಪು ಜಾಡು ಹಿಡಿದು. ಎರಡು ವರ್ಷ ತುಂಬುವ ಮೊದಲು ಕತ್ತಲಲ್ಲಿ ಮಲಗಿದ ಮಕ್ಕಳಲ್ಲಿ ಶೇ 10, ಕೋಣೆಯ ದೀಪ ಉರಿಸಿಕೊಂಡು ಮಲಗಿದವರಲ್ಲಿ ಶೇ 55 ಮಂದಿಗೆ ಸಮೀಪದೃಷ್ಟಿ ಎಂದು ಅಮೆರಿಕದ ಅಧ್ಯಯನವೊಂದು ಹೇಳಿತು. ಅಪ್ಪ ಅಮ್ಮಂದಿರು ಗಾಬರಿಯಾದರು. ಮರುವರ್ಷ ಬೇರೆ ತಂಡಗಳು ಹುಡುಕಿದಾಗ ಆ ನಂಟೇ ಸಿಗಲಿಲ್ಲ. ಕನ್ನಡಕ ಹಾಕುವ ಹೆತ್ತವರೇ ರಾತ್ರಿ ದೀಪ ಉರಿಸಿಡುವುದು ಹೆಚ್ಚು ಎಂಬುದಷ್ಟೇ ಕಂಡಿತು.

ನನ್ನ ಮಟ್ಟಿಗೆ ಈ ಕಥೆಯ ತಿರುವು 2008ರದು. ಸಿಡ್ನಿ ಮತ್ತು ಸಿಂಗಪುರದಲ್ಲಿರುವ ಚೀನೀ ಮೂಲದ 6–7 ವಯಸ್ಸಿನ ಮಕ್ಕಳನ್ನು ಹೋಲಿಸಿದರು. ಸಿಂಗಪುರದಲ್ಲಿ ಶೇ 29, ಸಿಡ್ನಿಯಲ್ಲಿ ಶೇ 3 ಮಕ್ಕಳಿಗೆ ಸಮೀಪದೃಷ್ಟಿ. ಮೂಲ ಒಂದೇ; ಓದಿನಲ್ಲೂ ಸಿಡ್ನಿಯವರು ಹಿಂದೆ ಬಿದ್ದಿರಲಿಲ್ಲ. ಆದರೆ ಅವರು ವಾರಕ್ಕೆ ಸುಮಾರು 14 ಗಂಟೆ ಹೊರಗಿರುತ್ತಿದ್ದರು, ಸಿಂಗಪುರದವರು 3 ಗಂಟೆ.

ಹೊರಗೆ ಅಂಥದ್ದೇನಿದೆ? ತರಗತಿಯ ಬೆಳಕು ಕೆಲವು ನೂರು ಲಕ್ಸ್ (ಬೆಳಕಿನ ಪ್ರಖರತೆಯ ಅಳತೆ). ನಡುಹಗಲ ಬಯಲಲ್ಲಿ ಅದು ಲಕ್ಷ ಮುಟ್ಟುತ್ತದೆ, ಮರದಡಿಯೂ ಸಾವಿರಗಟ್ಟಲೆ ಇರುತ್ತದೆ. ಕಣ್ಣುಗುಡ್ಡೆ ಅತಿಯಾಗಿ ಉದ್ದವಾದರೆ ಸಮೀಪದೃಷ್ಟಿ ಬರುತ್ತದೆ; ಪ್ರಖರ ಬೆಳಕಿಗೆ ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಡೋಪಮಿನ್ ಎಂಬ ರಾಸಾಯನಿಕ ಹೆಚ್ಚು ಒಸರುತ್ತದೆ, ಅದು ಕಣ್ಣುಗುಡ್ಡೆ ಹಾಗೆ ಉದ್ದವಾಗುವುದನ್ನು ತಡೆಯುತ್ತದೆ ಎಂಬುದು ಸದ್ಯಕ್ಕೆ ಹೆಚ್ಚು ಒಪ್ಪಿತವಾದ ವಿವರಣೆ. ಕೋಳಿಮರಿಗಳ ಮೇಲಿನ ಪ್ರಯೋಗಗಳು ಇದಕ್ಕೆ ಬಲ ಕೊಟ್ಟಿವೆ.

ತೈವಾನ್ 2010ರಲ್ಲೇ ಶಾಲಾ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಹೊರಗೆ ಬಿಡುವ ಯೋಜನೆ ಆರಂಭಿಸಿತು. ಚೀನಾದ ಗುವಾಂಗ್‌ಝೌ ಶಾಲೆಗಳಲ್ಲಿ ಒಂದನೇ ತರಗತಿಯವರಿಗೆ ದಿನಕ್ಕೆ 40 ನಿಮಿಷದ ಹೊರಾಂಗಣ ಪೀರಿಯಡ್ ಸೇರಿಸಿದರು. ಮೂರು ವರ್ಷದಲ್ಲಿ ಹೊಸದಾಗಿ ಸಮೀಪದೃಷ್ಟಿ ಬಂದವರು ಉಳಿದ ಶಾಲೆಗಳಲ್ಲಿ ಶೇ 39.5, ಇಲ್ಲಿ ಶೇ 30.4. ಆಟದ ಪೀರಿಯಡ್ಡನ್ನು ಗಣಿತಕ್ಕೆ ಬಿಟ್ಟುಕೊಡುವ ನಮ್ಮ ಶಾಲೆಗಳನ್ನು ಕಂಡಾಗ ನನಗೆ ಸಂಕಟವಾಗುವುದು ಇದಕ್ಕೇ.

ಕನ್ನಡಕ ಬಂದಾದ ಮೇಲೆ ಬಿಸಿಲಿನ ಕೈ ಅಷ್ಟು ಮೇಲಲ್ಲ. ಹಗಲು ಉದ್ದವಿರುವ ಬೇಸಿಗೆಯಲ್ಲಿ ನಂಬರ್ ನಿಧಾನವಾಗಿ, ಚಳಿಗಾಲದಲ್ಲಿ ಬೇಗ ಏರುವುದು ಹಲವೆಡೆ ಕಂಡಿದೆ. ಆದರೂ ಏರುತ್ತಿರುವ ನಂಬರನ್ನು ಹಿಡಿದು ನಿಲ್ಲಿಸಲು ಬಿಸಿಲೊಂದೇ ಸಾಲದು. ಹಾಗಾಗಿ ವೈದ್ಯರು ಕಡಿಮೆ ಪ್ರಮಾಣದ ಆಟ್ರೋಪಿನ್ ಎಂಬ ಔಷಧದ ಕಣ್ಣಿನ ಹನಿ, ವಿಶೇಷ ಲೆನ್ಸ್‌ಗಳ ಮೊರೆಹೋಗುತ್ತಾರೆ. ಬಿಸಿಲು ಹೆಚ್ಚು ಕಾಪಾಡುವುದು ಇನ್ನೂ ಕನ್ನಡಕ ಬಾರದ ಐದಾರು ವರ್ಷದ ಕಣ್ಣುಗಳನ್ನು.