ಅರ್ಧ ಹತ್ತುವ ನಿಯಾನ್ ಬೋರ್ಡ್ ಕೀಳಿಸಬೇಕಾ?

ಪ್ರಶ್ನೆ: ಗದಗಿನಲ್ಲಿ ನಮ್ಮದೊಂದು ಹಳೇ ಲಾಡ್ಜ್ ಇದೆ. ಅಪ್ಪನ ಕಾಲದ ನಿಯಾನ್ ಬೋರ್ಡು ಈಗ ಅರ್ಧ ಮಾತ್ರ ಹತ್ತುತ್ತದೆ. ನೋಡಿದವರೆಲ್ಲ ಕಿತ್ತು ಎಲ್‌ಇಡಿ ಹಾಕಿಸಿ ಅಂತಾರೆ. ರಿಪೇರಿ ಆಗುತ್ತಾ?

ಆಗುತ್ತದೆ. ದಯವಿಟ್ಟು ಕೀಳಿಸಬೇಡಿ.

ಹುಬ್ಬಳ್ಳಿ, ಹಾವೇರಿಯ ಅಂಗಡಿಯವರೂ ಇದನ್ನೇ ಕೇಳುತ್ತಾರೆ. ಎಲ್ಲರಿಗೂ ನಾನು ಹೇಳೋದು ಒಂದೇ, ಗಾಜಿನ ಮೇಲೆ ಅನುಮಾನ ಕೊನೆಗೆ ಬರಲಿ. ನಿಯಾನ್ ಕೊಳವೆಯೊಳಗೆ ಬಲ್ಬಿನ ಹಾಗೆ ಸುಟ್ಟುಹೋಗುವ ತಂತಿ ಇಲ್ಲ. ಎರಡು ತುದಿಗೆ ಎಲೆಕ್ಟ್ರೋಡ್ (ಕರೆಂಟ್ ಒಳಗೆ ಹಾಯಿಸುವ ಲೋಹದ ತುಂಡು), ನಡುವೆ ತೀರಾ ಕಡಿಮೆ ಒತ್ತಡದಲ್ಲಿ ತುಂಬಿದ ಅನಿಲ, ಅಷ್ಟೇ. ಚೆನ್ನಾಗಿ ಮಾಡಿದ ಕೊಳವೆ ಹತ್ತಾರು ವರ್ಷ ಉರಿಯುತ್ತದೆ. ಕೆಡೋದು ಜಾಸ್ತಿ ಟ್ರಾನ್ಸ್‌ಫಾರ್ಮರ್, ಇಲ್ಲವೇ ವೈರು.

ಇನ್ನೊಂದು ವಿಷಯ. ನಾಲ್ಕು ಅಕ್ಷರ ಕತ್ತಲಾದರೆ ನಾಲ್ಕೂ ಒಡೆದಿವೆ ಎಂದಲ್ಲ. ಒಂದು ಟ್ರಾನ್ಸ್‌ಫಾರ್ಮರ್‌ಗೆ ಹಲವು ಅಕ್ಷರಗಳನ್ನು ಸರಪಳಿಯ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತಾರೆ, ಹಾಗಾಗಿ ಎಲ್ಲೋ ಒಂದು ಕೊಂಡಿ ತಪ್ಪಿದರೂ ಆ ಸಾಲೇ ಆರಿಹೋಗುತ್ತದೆ. ಒಂದೇ ಅಕ್ಷರದ ಸಮಸ್ಯೆಗೆ ಇಡೀ ಬೋರ್ಡನ್ನು ಗುಜರಿಗೆ ಹಾಕಿದವರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ನಿಮ್ಮೂರಲ್ಲಿ ಧೂಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕಪ್ಪತಗುಡ್ಡದ ಕಡೆ ಗಾಳಿಯಂತ್ರ ನಿಂತಿರೋದು ಸುಮ್ನೆ ಅಲ್ಲ, ಗದಗಿನ ಗಾಳಿ ಅಂಥದ್ದು. ಬೇಸಿಗೆಯಿಡೀ ಕೊಳವೆ, ವೈರಿನ ತುದಿ ಎಲ್ಲದರ ಮೇಲೆ ಧೂಳು ಕೂರುತ್ತದೆ. ಮೊದಲ ಮಳೆಗೆ ಅದು ಒದ್ದೆಯಾಗಿ ಅದರ ಮೂಲಕವೇ ಕರೆಂಟ್ ತಗಡಿಗೆ ಸೋರುತ್ತದೆ. ಚಟಚಟ ಸದ್ದು, ಮಿಣುಕು, ಸುಟ್ಟ ಕಪ್ಪು ಗೆರೆ ಕಂಡರೆ ಮೊದಲು ಅಲ್ಲಿ ನೋಡಿಸಿ.

ನೋಡಿಸಿ ಅಂದೆ, ನೀವೇ ಏಣಿ ಹತ್ತಬೇಡಿ. ಮನೆಯ 230 ವೋಲ್ಟನ್ನು ಈ ಟ್ರಾನ್ಸ್‌ಫಾರ್ಮರ್ ಕೆಲವು ಸಾವಿರಕ್ಕೆ ಏರಿಸುತ್ತದೆ, ದೊಡ್ಡದಾದರೆ 15,000ದವರೆಗೂ. ಮೇನ್ ಆಫ್ ಮಾಡಿ, ನಿಯಾನ್ ಕೆಲಸ ಗೊತ್ತಿರುವವರಿಂದಲೇ ಮಾಡಿಸಿ. ಅರ್ಥಿಂಗ್ ಸರಿ ಇದೆಯಾ ಅಂತಲೂ ಕೇಳಿ.

ಅಕ್ಷರ ನಿಜವಾಗಿ ಒಡೆದಿದ್ದರೆ? ಚೂರುಗಳನ್ನು ಎಸೆಯಬೇಡಿ, ಅಳತೆಗೆ ಬೇಕು. ಕೆಂಪು ಅಕ್ಷರವಾದರೆ ಒಳಗೆ ಬರೀ ನಿಯಾನ್. ನೀಲಿ, ಹಸಿರಾದರೆ ಸಾಮಾನ್ಯವಾಗಿ ಆರ್ಗಾನ್ ಜೊತೆ ಸ್ವಲ್ಪ ಪಾದರಸ ಇರುತ್ತದೆ. ಅದನ್ನು ಕಸಬರಿಗೆಯಲ್ಲಿ ಗುಡಿಸಬೇಡಿ, ಕಿಟಕಿ ತೆರೆದು, ಕೈಗವಸು ಹಾಕಿ, ದಪ್ಪ ರಟ್ಟಿನಿಂದ ಎತ್ತಿ ಮುಚ್ಚಳದ ಡಬ್ಬಿಗೆ ಹಾಕಿ.

ಹೊಸ ಅಕ್ಷರವನ್ನು ಕೈಯಲ್ಲೇ ಬಾಗಿಸುತ್ತಾರೆ. 1910ರಲ್ಲಿ ಪ್ಯಾರಿಸ್‌ನಲ್ಲಿ ಜಾರ್ಜ್ ಕ್ಲಾಡ್ ಈ ದೀಪವನ್ನು ಜನರಿಗೆ ತೋರಿಸಿದ ಮೇಲೆ ಎಷ್ಟೋ ಬದಲಾಯಿತು, ಈ ಕೈಕೆಲಸ ಮಾತ್ರ ಬಹುಮಟ್ಟಿಗೆ ಹಾಗೇ ಇದೆ. ಗಾಜನ್ನು ಬೆಂಕಿಯಲ್ಲಿ ಮೆತ್ತಗೆ ಮಾಡಿ, ಕೊಳವೆ ಚಪ್ಪಟೆಯಾಗದಂತೆ ರಬ್ಬರ್ ಪೈಪಿನಿಂದ ಬಾಯಲ್ಲಿ ಊದುತ್ತಾ, ಕೆಳಗಿನ ನಕ್ಷೆಗೆ ಸರಿಯಾಗಿ ತಿರುಗಿಸಬೇಕು. ನಕ್ಷೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿರುತ್ತದೆ, ಯಾಕೆಂದರೆ ಕೆಲಸ ನಡೆಯೋದು ಅಕ್ಷರದ ಬೆನ್ನಿನ ಕಡೆಯಿಂದ. ಕನ್ನಡದ ದುಂಡು ಅಕ್ಷರ, ಅದರ ಕೆಳಗೊಂದು ಒತ್ತು, ಎಲ್ಲ ಒಂದೇ ಕೊಳವೆಯಲ್ಲಿ! ಬೇಡವಾದ ಕಡೆ ಬೆಳಕು ಕಾಣದಿರಲಿ ಅಂತ ಕೊಳವೆಗೆ ಕಪ್ಪು ಬಣ್ಣ ಬಳಿದಿರುತ್ತಾರೆ. ಒರೆಸುವಾಗ ಅದನ್ನು ಕೊಳೆ ಅಂದುಕೊಂಡು ಉಜ್ಜಿಬಿಟ್ಟರೆ ಅಕ್ಷರಗಳು ಒಂದಕ್ಕೊಂದು ಅಂಟಿದಂತೆ ಕಾಣುತ್ತವೆ.

ಈ ಕೆಲಸದವರು ಈಗ ಕಡಿಮೆ. ಹುಬ್ಬಳ್ಳಿಯಲ್ಲಿ ಸಿಗದಿದ್ದರೆ ಬೆಂಗಳೂರು, ಮುಂಬೈ ಕಡೆ ವಿಚಾರಿಸಿ. ಬಿಚ್ಚುವ ಮುಂಚೆ ಹಗಲು ಒಂದು, ರಾತ್ರಿ ಒಂದು ಫೋಟೋ ತೆಗೆಯಿರಿ. ಮೇನ್ ಆಫ್ ಇರುವಾಗ ಬಟರ್ ಪೇಪರ್ ಹಿಡಿದು ಪ್ರತಿ ಅಕ್ಷರದ ಅಚ್ಚು ನಿಜ ಅಳತೆಯಲ್ಲೇ ಬರೆಸಿಕೊಳ್ಳಿ. ನಮ್ಮ ಮಾವನ ಅಂಗಡಿಯ ಬೋರ್ಡನ್ನು ರಿಪೇರಿಗೆ ಅಂತ ಟೆಂಪೋದಲ್ಲಿ ಹಾಗೇ ಮಲಗಿಸಿ ಒಯ್ದರು, ಮೊದಲ ಹಂಪ್‌ನಲ್ಲೇ ಆರು ಅಕ್ಷರ ಪುಡಿಯಾದವು. ಅಚ್ಚು ಇರಲಿಲ್ಲ. ಆ ಅಕ್ಷರಗಳ ತಿರುವು ಮತ್ತೆ ಬರಲೇ ಇಲ್ಲ.

ಹಿಂದಿನ ತಗಡನ್ನೂ ಹೊಸದಾಗಿ ಪೇಂಟ್ ಮಾಡಿಸಬೇಡಿ. ಮೃದು ಸೋಪಿನ ನೀರಲ್ಲಿ ಒರೆಸಿ, ತುಕ್ಕು ಹಿಡಿದ ಜಾಗ ಮಾತ್ರ ಸರಿ ಮಾಡಿಸಿ.

ಎಲ್‌ಇಡಿಗೆ ಕರೆಂಟ್ ಕಡಿಮೆ ಸಾಕು, ನಿಜ. ಆದರೆ ನಿಯಾನ್ ಕೊಳವೆ ಸುತ್ತಲೂ ಬೆಳಗಿ ಹಿಂದಿನ ಗೋಡೆಯನ್ನೂ ಕೆಂಪಗೆ ಮಾಡುತ್ತದಲ್ವಾ, ಅದು ಪ್ಲಾಸ್ಟಿಕ್ ಪಟ್ಟಿಗೆ ಬರುವುದಿಲ್ಲ.

ನಿಮ್ಮದು ಇಂಗ್ಲಿಷ್ ಬೋರ್ಡಾಗಿದ್ದರೆ ಇನ್ನೊಂದು ತಯಾರಿ ಬೇಕು. ಕರ್ನಾಟಕದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಅದಕ್ಕಾಗಿ ಹಳೇದನ್ನು ಕೀಳುವ ಮುಂಚೆ, ಅದರ ಮೇಲೆ ಕನ್ನಡದ ಸಾಲು ಸೇರಿಸಿದರೆ ಸಾಕಾ ಅಂತ ಗದಗ-ಬೆಟಗೇರಿ ನಗರಸಭೆಯಲ್ಲಿ ಕೇಳಿ. ಆ ಸಾಲನ್ನೂ ಗಾಜಿನಲ್ಲೇ ಬಾಗಿಸಿ ಕೊಡ್ತೀರಾ ಅಂತ ರಿಪೇರಿಯವರನ್ನೂ ಕೇಳಿ ನೋಡಿ.