ರಾಜ್ಯ ಚುನಾವಣಾ ಆಯೋಗ: ಅಧಿಕಾರವೇನೋ ಇದೆ, ಕೀಲಿಕೈ ಯಾರ ಹತ್ತಿರ?

ಮೊದಲು ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ನಾನೂ ಶುರುವಿನಲ್ಲಿ ಎಡವಿದ್ದು ಇಲ್ಲೇ. ವಿಧಾನಸಭೆ, ಲೋಕಸಭೆ ಚುನಾವಣೆ ನಡೆಸುವುದು ಭಾರತ ಚುನಾವಣಾ ಆಯೋಗ, ಸಂವಿಧಾನದ ವಿಧಿ 324. ರಾಜ್ಯದಲ್ಲಿರುವ ಮುಖ್ಯ ಚುನಾವಣಾಧಿಕಾರಿ ಅವರ ಕಡೆಯವರು. ಗ್ರಾಮ ಪಂಚಾಯಿತಿಯಿಂದ ಮಹಾನಗರ ಪಾಲಿಕೆವರೆಗಿನ ಚುನಾವಣೆ ಮಾತ್ರ ರಾಜ್ಯ ಚುನಾವಣಾ ಆಯೋಗದ್ದು. ಇದು ದೆಹಲಿಯ ಆಯೋಗದ ಬ್ರಾಂಚ್ ಅಲ್ಲ, ಬೇರೆಯದೇ ಸಂಸ್ಥೆ.

ರಾಜ್ಯ ಆಯೋಗ ಹುಟ್ಟಿದ್ದು ಸಂವಿಧಾನದ 73 ಮತ್ತು 74ನೇ ತಿದ್ದುಪಡಿಗಳಿಂದ. ಪಂಚಾಯಿತಿಗೆ ವಿಧಿ 243ಕೆ, ನಗರಗಳಿಗೆ 243ಜೆಡ್‌ಎ. ಎರಡೂ ಜಾರಿಗೆ ಬಂದದ್ದು 1993ರಲ್ಲಿ. ಮತದಾರರ ಪಟ್ಟಿ ತಯಾರಿ, ಚುನಾವಣೆಯ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣ, ಎಲ್ಲವೂ ಆಯೋಗದ ಕೈಲಿ. ತನ್ನ ವ್ಯಾಪ್ತಿಯಲ್ಲಿ ಅದಕ್ಕೆ ಕೇಂದ್ರ ಆಯೋಗದಷ್ಟೇ ಅಧಿಕಾರವಿದೆ ಎಂದು ಸುಪ್ರೀಂ ಕೋರ್ಟ್ 2006ರ ಕಿಶನ್ ಸಿಂಗ್ ತೋಮರ್ ಪ್ರಕರಣದಲ್ಲಿ ಹೇಳಿತು.

ಆಯುಕ್ತರು ಒಬ್ಬರೇ. ನೇಮಿಸುವುದು ರಾಜ್ಯಪಾಲರು. ತೆಗೆಯಬೇಕಾದರೆ ಹೈಕೋರ್ಟ್ ನ್ಯಾಯಾಧೀಶರನ್ನು ತೆಗೆಯುವ ದಾರಿಯೇ ಆಗಬೇಕು. ನೇಮಕವಾದ ಮೇಲೆ ಅವರಿಗೆ ನಷ್ಟವಾಗುವಂತೆ ಸೇವಾ ಷರತ್ತು ಬದಲಿಸುವಂತಿಲ್ಲ. ಈ ಸಾಲುಗಳನ್ನು ಸುಮ್ನೆ ಬಾಯಿಪಾಠ ಮಾಡಬೇಡಿ. ಆಂಧ್ರದ ಕಥೆ ಗೊತ್ತಿದ್ದರೆ ಮರೆಯುವುದೇ ಇಲ್ಲ.

2020ರ ಮಾರ್ಚ್. ಆಂಧ್ರದ ಆಯುಕ್ತ ರಮೇಶ್ ಕುಮಾರ್ ಕೊರೊನಾ ಕಾರಣಕ್ಕೆ ಸ್ಥಳೀಯ ಚುನಾವಣೆ ಮುಂದೂಡಿದರು. ಸರ್ಕಾರಕ್ಕೆ ಸಿಟ್ಟು ಬಂತು. ಏಪ್ರಿಲ್‌ನಲ್ಲಿ ಸುಗ್ರೀವಾಜ್ಞೆ ತಂದು ಆಯುಕ್ತರ ಅವಧಿಯನ್ನು 5 ವರ್ಷದಿಂದ 3ಕ್ಕೆ ಇಳಿಸಿತು. 'ನಾವು ತೆಗೆದಿಲ್ಲ, ಅವರ ಅವಧಿ ಮುಗಿಯಿತು' ಅನ್ನುವ ಲೆಕ್ಕ! ಜಾಣತನ ಅಲ್ವಾ? ಅವರ ಜಾಗಕ್ಕೆ ನಿವೃತ್ತ ನ್ಯಾಯಾಧೀಶರೊಬ್ಬರು ಬಂದರು. ಮೇ ಕೊನೆಯಲ್ಲಿ ಹೈಕೋರ್ಟ್ ಸುಗ್ರೀವಾಜ್ಞೆಯನ್ನೇ ರದ್ದು ಮಾಡಿತು. ಜುಲೈ ಕೊನೆಗೆ ರಮೇಶ್ ಕುಮಾರ್ ಮತ್ತೆ ಅದೇ ಕುರ್ಚಿಗೆ ಬಂದರು.

ಇನ್ನೊಂದು ಪ್ರಕರಣ ಗೋವಾದ್ದು. ಅಲ್ಲಿ ಸರ್ಕಾರದ ಕಾನೂನು ಕಾರ್ಯದರ್ಶಿಗೇ ಆಯುಕ್ತರ ಹೆಚ್ಚುವರಿ ಹೊಣೆ ಕೊಟ್ಟಿದ್ದರು. ಸರ್ಕಾರದಲ್ಲಿ ಹುದ್ದೆಯಲ್ಲಿರುವವರು ಆಯುಕ್ತರಾಗುವಂತಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು.

ಸಿಬ್ಬಂದಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಆಯೋಗಕ್ಕೆ ಸ್ವಂತ ಜನ ಕಡಿಮೆ. ಕೇಳಿದಾಗ ರಾಜ್ಯಪಾಲರು ಒದಗಿಸಬೇಕು. ಜಿಲ್ಲಾಧಿಕಾರಿ, ತಹಸೀಲ್ದಾರ್, ಮತಗಟ್ಟೆಯಲ್ಲಿ ಕೂರುವ ಮೇಷ್ಟ್ರು, ಎಲ್ಲರೂ ಸರ್ಕಾರದ ನೌಕರರೇ.

ಈಗ ಅಸಲಿ ವಿಷಯ. ಇಷ್ಟೆಲ್ಲ ಅಧಿಕಾರವಿದ್ದರೂ ಚುನಾವಣೆ ಯಾಕೆ ತಡವಾಗುತ್ತದೆ? ಅಡುಗೆಯವರು ಸೌಟು ಹಿಡಿದು ನಿಂತಿದ್ದಾರೆ, ಅಕ್ಕಿ ಬೇಳೆ ಉಗ್ರಾಣದಿಂದ ಬರಬೇಕು. ವಾರ್ಡ್ ವಿಂಗಡಣೆ (ಯಾವ ಕ್ಷೇತ್ರದ ಗಡಿ ಎಲ್ಲಿ) ಮತ್ತು ಮೀಸಲಾತಿ ಪಟ್ಟಿ (ಯಾವ ಕ್ಷೇತ್ರ ಯಾವ ವರ್ಗಕ್ಕೆ), ಇವೆರಡೂ ಹೆಚ್ಚಾಗಿ ಸರ್ಕಾರದ ಕಡೆಯಿಂದ ಬರಬೇಕು, ಇವಿಲ್ಲದೆ ಆಯೋಗ ದಿನಾಂಕ ಘೋಷಿಸಲಾರದು. ಕರ್ನಾಟಕದಲ್ಲಿ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. 2021ರಲ್ಲಿ ಅವಧಿ ಮುಗಿಯಿತು. ಅದೇ ವರ್ಷ ಕಾನೂನಿಗೆ ತಿದ್ದುಪಡಿ ತಂದು, ಆಯೋಗದ ಕೈಲಿದ್ದ ಕ್ಷೇತ್ರ ವಿಂಗಡಣೆಯನ್ನು ಪ್ರತ್ಯೇಕ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟರು. ಚುನಾವಣೆ ಹಿಂದೆ ಬಿತ್ತು. ನನ್ನ ಪ್ರಕಾರ, ಈ ಅಧ್ಯಾಯದಲ್ಲಿ ಎಲ್ಲಕ್ಕಿಂತ ಗಮನ ಕೊಡಬೇಕಾದ ಜಾಗ ಇದು. ಆಯುಕ್ತರ ಕುರ್ಚಿಗೆ ಸಂವಿಧಾನದ ರಕ್ಷಣೆ ಇದೆ, ಈ ಎರಡು ಪಟ್ಟಿಗಳಿಗೆ ಅಂಥದ್ದಿಲ್ಲ.

ಕೋರ್ಟ್‌ಗಳು ಸುಮ್ಮನಿಲ್ಲ. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಮುಗಿದಿರಬೇಕು ಎನ್ನುತ್ತವೆ 243ಇ ಮತ್ತು 243ಯು. ವಿಂಗಡಣೆ, ಮೀಸಲಾತಿ ಕೆಲಸ ಬಾಕಿ ಇದೆ ಎಂಬ ನೆಪಕ್ಕೆ ಚುನಾವಣೆ ನಿಲ್ಲಿಸಬೇಡಿ ಎಂದು 2022ರ ಸುರೇಶ್ ಮಹಾಜನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದು ಮಧ್ಯಪ್ರದೇಶದ ಪ್ರಕರಣ, ಮಾತು ಎಲ್ಲ ರಾಜ್ಯಗಳಿಗೂ.

ಬೆಂಗಳೂರಿನ ಬಿಬಿಎಂಪಿ ಸದಸ್ಯರ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. ಅಲ್ಲಿಂದ ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯ ಕಾಲ. 2025ರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ಅಷ್ಟರೊಳಗೆ ಅದಕ್ಕೆ ಇನ್ನೊಂದು ಚುನಾವಣೆ ನಡೆಯಲೇ ಇಲ್ಲ.