ಪದ ಪರಿಚಯ: ಹ್ಯಾಪ್ಲೋಟೈಪ್

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದಲ್ಲಿ ಹೊಸ ಹುಳುವೊಂದು ಕಾಣಿಸಿಕೊಂಡಿತು. ಸುಳಿಯೊಳಗೆ ಸೇರಿಕೊಂಡು ಮೇಯುತ್ತಿತ್ತು. ಸುಳಿಯ ತುಂಬ ಹಿಕ್ಕೆ. ತಲೆಯ ಮೇಲೆ ತಲೆಕೆಳಗಾದ ‘ವೈ’ ಗುರುತು, ಹಿಂಬದಿಯಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಅದನ್ನು ಫಾಲ್ ಸೈನಿಕ ಹುಳು ಎಂದು ಗುರುತಿಸಿದರು. ನಮ್ಮ ರೈತರು ಲದ್ದಿ ಹುಳು ಎಂದೂ ಕರೆಯುತ್ತಾರೆ. ಅದರ ಮೂಲ ನೆಲೆ ಅಮೆರಿಕ ಖಂಡಗಳು. 2016ರಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಂಡಿತ್ತು, ಎರಡು ವರ್ಷಕ್ಕೆ ಇಲ್ಲಿ ಕಂಡಿತು.

ಹಾಗಾದರೆ ಆಫ್ರಿಕಾದಿಂದಲೇ ಇಲ್ಲಿಗೆ ಬಂತು, ಅಲ್ವಾ? ತಾರೀಖು ಮಾತ್ರ ನೋಡಿದರೆ ಹಾಗೆಯೇ ಅನಿಸುತ್ತದೆ. ಆದರೆ ಆ ತಾರೀಖುಗಳು ಹುಳು ನಮ್ಮ ಕಣ್ಣಿಗೆ ಬಿದ್ದ ದಿನದವು, ಅದು ಬಂದಿಳಿದ ದಿನದವಲ್ಲ. ನಿಜವಾದ ದಾರಿ ತಿಳಿಯಲು ವಿಜ್ಞಾನಿಗಳು ಹುಳುವಿನ ಡಿಎನ್‌ಎ ಓದುತ್ತಾರೆ. ಹೀಗೆ ಓದುವ ವಿಜ್ಞಾನಕ್ಕೆ ಪಾಪ್ಯುಲೇಶನ್ ಜೆನೆಟಿಕ್ಸ್ ಎಂದು ಹೆಸರು. ಅದರಲ್ಲಿ ಮತ್ತೆ ಮತ್ತೆ ಎದುರಾಗುವ ಪದ ಹ್ಯಾಪ್ಲೋಟೈಪ್.

ಡಿಎನ್‌ಎಯ ಒಂದೇ ಎಳೆಯಲ್ಲಿ ಹತ್ತಿರ ಹತ್ತಿರ ಇರುವ ಕೆಲವು ಜಾಗಗಳಲ್ಲಿ ಒಂದು ಹುಳುವಿಗೂ ಇನ್ನೊಂದಕ್ಕೂ ಅಕ್ಷರ, ಅಂದರೆ ಡಿಎನ್‌ಎ ಎಳೆಯ ರಾಸಾಯನಿಕ ಘಟಕ, ಬೇರೆ ಇರಬಹುದು. ಆ ಜಾಗಗಳ ಅಕ್ಷರಗಳು ಒಟ್ಟೊಟ್ಟಿಗೇ ಮುಂದಿನ ತಲೆಮಾರಿಗೆ ಹೋಗುತ್ತವೆ. ಹಾಗೆ ಒಟ್ಟಿಗೆ ಸಾಗುವ ಒಂದು ಜೋಡಣೆಯೇ ಹ್ಯಾಪ್ಲೋಟೈಪ್. ಕೀಟಗಳಲ್ಲಿ ಇದಕ್ಕಾಗಿ ಹೆಚ್ಚಾಗಿ ನೋಡುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಸಿಒಐ ಎಂಬ ಜೀನ್. ಮೈಟೊಕಾಂಡ್ರಿಯ ಬರುವುದು ತಾಯಿಯಿಂದ. ತುಳುನಾಡಿನ ಅಳಿಯಕಟ್ಟಿನ ಮನೆಗಳಲ್ಲಿ ಬಳಿ (ಕುಲದ ಹೆಸರು) ತಾಯಿಯಿಂದ ಮಕ್ಕಳಿಗೆ ಬರುವ ಹಾಗೆ, ಈ ಗುರುತೂ ತಾಯಿಯ ಸಾಲಿನಲ್ಲೇ ಇಳಿಯುತ್ತದೆ. ತಂದೆಯ ಕಡೆಯದು ಕಲಸಿಕೊಳ್ಳುವುದಿಲ್ಲ. ಅದಕ್ಕೇ ಹಿಂಬಾಲಿಸಲು ಸುಲಭ.

ಈ ಹುಳುವಿನ ವಿಷಯದಲ್ಲಿ ಅಮೆರಿಕದ ವಿಜ್ಞಾನಿಗಳು ಮೊದಲೇ ಒಳ್ಳೆಯ ತಳಹದಿ ಹಾಕಿದ್ದರು. ಫಾಲ್ ಸೈನಿಕ ಹುಳು ಚಳಿ ತಡೆಯುವುದಿಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಅದು ಚಳಿಗಾಲ ಕಳೆಯುವುದು ಫ್ಲಾರಿಡಾ ಮತ್ತು ಟೆಕ್ಸಾಸ್‌ನ ದಕ್ಷಿಣ ಭಾಗದಲ್ಲಿ ಮಾತ್ರ. ಪ್ರತಿ ವರ್ಷ ಬೆಚ್ಚಗಾದ ಮೇಲೆ ಪತಂಗಗಳು ಅಲ್ಲಿಂದ ಉತ್ತರಕ್ಕೆ ಹಾರುತ್ತವೆ. ಯಾವ ಹೊಲದ ಹುಳು ಎಲ್ಲಿಂದ ಬಂದದ್ದು? ಸಿಒಐ ಜೀನಿನ ಎರಡು ಜಾಗಗಳ ಅಕ್ಷರ ನೋಡಿ, ಜೋಳದ ಬಳಗದ (ಹೆಚ್ಚಾಗಿ ಮುಸುಕಿನ ಜೋಳ ಮೇಯುವ ಗುಂಪು) ಹುಳುಗಳಲ್ಲಿ ನಾಲ್ಕು ಹ್ಯಾಪ್ಲೋಟೈಪ್ ಗುರುತಿಸಿದರು. ಟೆಕ್ಸಾಸ್ ಹುಳುಗಳಲ್ಲಿ ಎರಡನೆಯದು ಜಾಸ್ತಿ, ಫ್ಲಾರಿಡಾದವುಗಳಲ್ಲಿ ನಾಲ್ಕನೆಯದು ಜಾಸ್ತಿ. ಈ ಎರಡರ ಪ್ರಮಾಣ ನೋಡಿಯೇ ವಲಸೆಯ ದಾರಿಗಳನ್ನು ಬಿಡಿಸಿದರು. ಬ್ರೆಜಿಲ್ ಹುಳುಗಳು ಟೆಕ್ಸಾಸ್‌ನವುಗಳ ಹಾಗೆ, ಪೋರ್ಟೊರಿಕೊದವು ಫ್ಲಾರಿಡಾದವುಗಳ ಹಾಗೆ. ಬರೀ ಎರಡು ಅಕ್ಷರಗಳಿಂದ ಇಷ್ಟು ತಿಳಿಯಿತು ಎನ್ನುವುದು ನನಗೆ ಇವತ್ತಿಗೂ ಅಚ್ಚರಿ.

ಆಫ್ರಿಕಾದ ಹುಳುಗಳಲ್ಲಿ ಹುಡುಕಿದಾಗ ಫ್ಲಾರಿಡಾ ಮತ್ತು ಕೆರಿಬಿಯನ್ ಮಾದರಿ ಸಿಕ್ಕಿತು. 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಭಾರತದ ಮತ್ತು ದಕ್ಷಿಣ ಆಫ್ರಿಕಾದ ಹುಳುಗಳ ಹ್ಯಾಪ್ಲೋಟೈಪ್‌ಗಳೂ ಒಂದಕ್ಕೊಂದು ಹೊಂದಿದವು. ಎರಡೂ ಒಂದೇ ಮೂಲದವು ಎಂದು ಆ ಅಧ್ಯಯನ ಹೇಳಿತು.

ಇಲ್ಲೇ ಜಾಗರೂಕತೆ ಬೇಕು. ಇಬ್ಬರಲ್ಲಿ ಒಂದೇ ಹ್ಯಾಪ್ಲೋಟೈಪ್ ಇದೆ ಎಂದರೆ ಇಬ್ಬರೂ ಸಂಬಂಧಿಕರು ಎಂದಷ್ಟೇ ಅರ್ಥ. ಆಫ್ರಿಕಾದ್ದು ಇಲ್ಲಿಗೆ ಬಂದಿರಬಹುದು. ಎರಡೂ ಕಡೆಗೆ ಅಮೆರಿಕದಿಂದ ಬೇರೆ ಬೇರೆಯಾಗಿ ಬಂದಿರಲೂಬಹುದು. ತಾಯಿಯ ಸಾಲೊಂದನ್ನೇ ನೋಡಿದರೆ ಇನ್ನೂ ಒಂದು ತೊಡಕಿದೆ. ಈ ಹುಳುವಿನಲ್ಲಿ ಜೋಳದ ಬಳಗ, ಭತ್ತದ ಬಳಗ ಎಂದು ಎರಡು. ಭಾರತ ಮತ್ತು ಆಫ್ರಿಕಾದ ಹುಳುಗಳಲ್ಲಿ ಬಹಳಷ್ಟಕ್ಕೆ ಭತ್ತದ ಬಳಗದ ಮೈಟೊಕಾಂಡ್ರಿಯ ಇದೆ. ಅದನ್ನಷ್ಟೇ ನಂಬಿದ್ದರೆ ಗದ್ದೆಯ ರೈತರನ್ನು ಸುಮ್ನೆ ಹೆದರಿಸಿದಂತಾಗುತ್ತಿತ್ತು. ಲಿಂಗ ನಿರ್ಧರಿಸುವ ಝಡ್ ಕ್ರೋಮೊಸೋಮಿನಲ್ಲಿರುವ ಟಿಪಿಐ ಎಂಬ ಜೀನ್ ನೋಡಿದಾಗ ಅದೇ ಹುಳುಗಳು ಜೋಳದ ಬಳಗಕ್ಕೆ ಸೇರಿದವು. ಹೊಲದಲ್ಲಿ ಕಂಡದ್ದೂ ಅದೇ, ಹಾವಳಿ ಮುಖ್ಯವಾಗಿ ಮುಸುಕಿನ ಜೋಳದ ಮೇಲೆ. ಹಿಂದೆ ಯಾವಾಗಲೋ ಎರಡು ಬಳಗಗಳ ನಡುವೆ ಬೆರಕೆ ಆಗಿದೆ ಎಂಬುದರ ಗುರುತು ಇದು.

ಹಾಗಾಗಿ ಈಗ ಒಂದೆರಡು ಜೀನ್ ಬಿಟ್ಟು ಇಡೀ ಜೀನೋಮ್, ಅಂದರೆ ಹುಳುವಿನ ಡಿಎನ್‌ಎ ಪೂರ್ತಿ, ಓದುತ್ತಾರೆ. 2022ರಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಿಜ್ಞಾನ ಸಂಸ್ಥೆ ಸಿಎಸ್‌ಐಆರ್‌ಒದ ವಿಜ್ಞಾನಿಗಳು ಮತ್ತು ಜೊತೆಗಾರರು ಹಲವು ದೇಶಗಳ ಹುಳುಗಳನ್ನು ಹೀಗೆ ಹೋಲಿಸಿದರು. ಪಶ್ಚಿಮ ಆಫ್ರಿಕಾಕ್ಕೆ ಒಮ್ಮೆ ಬಂದು ಅಲ್ಲಿಂದ ಪೂರ್ವಕ್ಕೆ ಸಾಲಾಗಿ ಹರಡಿತು ಎಂಬ ಸರಳ ಕಥೆ ಅವರ ಲೆಕ್ಕಕ್ಕೆ ಹೊಂದಲಿಲ್ಲ. ಒಂದಕ್ಕಿಂತ ಹೆಚ್ಚು ಸಲ, ಬೇರೆ ಬೇರೆ ದಾರಿಯಲ್ಲಿ ಹುಳು ಬಂದಿರುವ ಸೂಚನೆ ಸಿಕ್ಕಿತು.

ಎಲ್ಲಿಂದ ಬಂದರೇನು, ಬಂದಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ನನ್ನ ಪ್ರಕಾರ ಇದು ರೈತರ ಖರ್ಚಿನ ಪ್ರಶ್ನೆ. ಹುಳು ತನ್ನ ಜೀನ್‌ಗಳನ್ನೂ ಹೊತ್ತು ತರುತ್ತದೆ, ಅದರಲ್ಲಿ ಔಷಧಿಯನ್ನು ತಡೆದುಕೊಳ್ಳುವ ಜೀನ್‌ಗಳೂ ಸೇರಿವೆ. ಚೀನಾ ತಲುಪಿದ ಹುಳುಗಳಲ್ಲಿ ಆರ್ಗನೋಫಾಸ್ಫೇಟ್ ಕೀಟನಾಶಕಗಳಿಗೆ ಬಗ್ಗದ ಬದಲಾವಣೆಗಳು ಸಿಕ್ಕಿವೆ. ಪೋರ್ಟೊರಿಕೊದಲ್ಲಿ ಬಿಟಿ ಮುಸುಕಿನ ಜೋಳದ (ಕೀಟ ಕೊಲ್ಲುವ ವಿಷವನ್ನು ಗಿಡವೇ ತಯಾರಿಸುವಂತೆ ಜೀನ್ ಸೇರಿಸಿದ ತಳಿ) ಒಂದು ವಿಷಕ್ಕೂ ಬಗ್ಗದ ಹುಳುಗಳಿವೆ. ಹುಳು ಒಂದೇ ಸಲ ಬಂದದ್ದಾದರೆ, ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಅದನ್ನು ಹುಡುಕುವ ಕೆಲಸ ಮುಗಿಯಿತು ಎನ್ನಬಹುದಿತ್ತು. ಹಲವು ಸಲ ಬಂದಿದೆ ಎಂದಾದರೆ ನಾಳೆಯೂ ಬರಬಹುದು, ಇಲ್ಲಿನ ಹುಳುವಿನಲ್ಲಿ ಇಲ್ಲದ ಜೀನ್ ಹೊತ್ತುಕೊಂಡೇ ಬರಬಹುದು. ಆದ್ದರಿಂದ ಹುಳು ಈಗಾಗಲೇ ನೆಲೆಯೂರಿರುವ ದೇಶದಲ್ಲೂ ಕ್ವಾರಂಟೈನ್ ತಪಾಸಣೆ ನಿಲ್ಲಿಸುವಂತಿಲ್ಲ, ಹೊಲಗಳಿಂದ ವರ್ಷ ವರ್ಷ ಮಾದರಿ ತೆಗೆದು ಓದುವುದನ್ನೂ ನಿಲ್ಲಿಸುವಂತಿಲ್ಲ.